ಸಹಾಯ ಬೇಕು: ಕಿಡ್ನಿಯ ಹೆನ್ಲೆ ಕುಣಿಕೆಯನ್ನು ಮಕ್ಕಳಿಗೆ ಹೇಗೆ ತೋರಿಸಲಿ?

ನಮಸ್ಕಾರ. ಪ್ರಥಮ ಪಿಯುಸಿಗೆ ನೆಫ್ರಾನ್ (ಕಿಡ್ನಿಯೊಳಗೆ ರಕ್ತ ಸೋಸಿ ಮೂತ್ರ ಮಾಡುವ ಸೂಕ್ಷ್ಮ ಘಟಕ) ಪಾಠ ಮಾಡುತ್ತಿದ್ದೇನೆ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್ ಇವೆ ಅಂದಾಗ ಮಕ್ಕಳು ಕಣ್ಣರಳಿಸಿದರು. ಗ್ಲೊಮೆರುಲಸ್, ಅಂದರೆ ನೆಫ್ರಾನಿನ ಶುರುವಿನಲ್ಲಿರುವ ಸಣ್ಣ ರಕ್ತನಾಳಗಳ ಗೊಂಚಲು, ಬೇಗ ಅರ್ಥವಾಯಿತು. ರಕ್ತ ತರುವ ನಾಳ ಅಗಲ, ಒಯ್ಯುವ ನಾಳ ಕಿರಿದು. ಅದಕ್ಕೇ ಅಲ್ಲಿ ಒತ್ತಡ ಜಾಸ್ತಿ, ನೀರು ಸೋಸಿ, ಗೊಂಚಲನ್ನು ಸುತ್ತುವರಿದ ಬೌಮನ್ ಬಟ್ಟಲಿಗೆ ಇಳಿಯುತ್ತದೆ. ರಕ್ತಕಣಗಳು ಹಿಂದೆಯೇ ಉಳಿಯುತ್ತವೆ. ಟೀ ಜರಡಿ ತೋರಿಸಿದ್ದೇ ಸಾಕಾಯಿತು.

ತೊಡಕು ಮುಂದಿನದು. ದಿನಕ್ಕೆ ಸೋಸುವುದು ಸುಮಾರು 180 ಲೀಟರ್, ಮೂತ್ರವಾಗುವುದು ಒಂದೂವರೆ ಲೀಟರ್ ಅಷ್ಟೇ. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ! ನೆಫ್ರಾನ್ ನಾಳದಲ್ಲಿ U ಆಕಾರದಲ್ಲಿ ಬಾಗಿದ ಭಾಗವೇ ಹೆನ್ಲೆ ಕುಣಿಕೆ. ಅದರ ಇಳಿಯುವ ಭಾಗ ನೀರನ್ನು ಹೊರಬಿಡುತ್ತದೆ. ಏರುವ ಭಾಗ ಉಪ್ಪನ್ನು ಬಿಡುತ್ತದೆ, ನೀರನ್ನು ಬಿಡುವುದಿಲ್ಲ. ಸುಮ್ನೆ ಬೋರ್ಡಿನ ಮೇಲೆ ಬರೆದರೆ ಇದು ತಲೆಗೆ ಹತ್ತುವುದಿಲ್ಲ, ಅಲ್ವಾ? ಕಡಿಮೆ ಖರ್ಚಿನ ಮಾದರಿ ಯಾರಾದರೂ ಮಾಡಿದ್ದರೆ ದಯವಿಟ್ಟು ಫೋಟೊ ಹಾಕಿ. ಸೋಮವಾರ ತರಗತಿ ಇದೆ.