ಕಾಲರೇಖೆ, ಕಾಲನಕ್ಷೆ, ಕಾಲಪಟ: ಯಾವುದು ಸರಿ?

ಮಾನ್ಯರೇ,

ಅಮೆರಿಕದ ಶಿಕ್ಷಕಿ ಎಮ್ಮಾ ವಿಲ್ಲಾರ್ಡ್ (1787–1870) ಅವರನ್ನು ಕುರಿತು ಬರೆಯುವಾಗ ಎದುರಾದ ಪದದ ತೊಡಕೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ. 1821ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಇವರು, 1828ರಲ್ಲಿ ತಮ್ಮ ದೇಶದ ಚರಿತ್ರೆಯ ಪಠ್ಯದೊಂದಿಗೆ ನಕ್ಷೆಗಳ ಮಾಲೆಯನ್ನೂ ಹೊರತಂದು, ಅದೇ ಭೂಭಾಗವು ಕಾಲದಿಂದ ಕಾಲಕ್ಕೆ ಬದಲಾದ ಬಗೆಯನ್ನು ಹಾಳೆಯಿಂದ ಹಾಳೆಗೆ ತೋರಿಸಿದರು. ಇವನ್ನು ನಕ್ಷೆ ಎಂದರೂ ಭೂಪಟ ಎಂದರೂ ನಡೆಯುತ್ತದೆ.

ತೊಡಕಿರುವುದು ಅವರ 1846ರ ‘ಟೆಂಪಲ್ ಆಫ್ ಟೈಮ್’ ಎಂಬ ಚಿತ್ರದಲ್ಲಿ. ಅಲ್ಲಿ ಕಾಲವೇ ಒಂದು ಗುಡಿ. ಕಂಬಗಳು ಶತಮಾನಗಳು, ನಮಗೆ ಹತ್ತಿರದವು ದೊಡ್ಡವು, ಒಳಕ್ಕೆ ಹೋದಂತೆ ಕಿರಿದಾಗುತ್ತ ಸೃಷ್ಟಿಯ ಆರಂಭದಲ್ಲಿ ಮಸುಕಾಗುತ್ತವೆ. ಚಾವಣಿಯಲ್ಲಿ ರಾಜಕಾರಣಿ, ಕವಿ, ಯೋಧ ಮುಂತಾದವರ ಹೆಸರುಗಳು ವರ್ಗವಾರು ಸಾಲುಗಟ್ಟಿವೆ. ನೆಲದ ಮೇಲೆ ರಾಷ್ಟ್ರಗಳು ಹೊಳೆಗಳಾಗಿ ಹರಿದು, ಕೂಡಿ, ಕವಲೊಡೆದು ನಮ್ಮ ಕಾಲಬುಡಕ್ಕೆ ಬರುತ್ತವೆ.

ಇದನ್ನು ‘ಕಾಲರೇಖೆ’ ಎನ್ನಲು ಮನಸ್ಸೊಪ್ಪದು. ಇಂಗ್ಲೆಂಡಿನ ವಿದ್ವಾಂಸ ಜೋಸೆಫ್ ಪ್ರೀಸ್ಟ್ಲಿ 1765 ಮತ್ತು 1769ರಲ್ಲಿ ರಚಿಸಿದ, ಪ್ರತಿ ಶತಮಾನಕ್ಕೂ ಸಮನಾದ ಜಾಗ ಕೊಟ್ಟ ಅಡ್ಡಪಟ್ಟಿಗಳಿಗೆ ಆ ಪದ ಹೊಂದುತ್ತದೆ. ವಿಲ್ಲಾರ್ಡ್ ಮುರಿದದ್ದು ಆ ಸಮಪ್ರಮಾಣವನ್ನೇ. ‘ಕಾಲನಕ್ಷೆ’ ಅರ್ಥವಾಗುತ್ತದೆ, ಆದರೆ ಮನೆ ಕಟ್ಟುವ ನಕ್ಷೆಯಿಂದ ಹಿಡಿದು ಗಣಿತದ ಪುಸ್ತಕದ ಗ್ರಾಫಿನವರೆಗೆ ಎಲ್ಲವೂ ನಮ್ಮಲ್ಲಿ ನಕ್ಷೆಯೇ, ಮತ್ತು ಎಲ್ಲದರಲ್ಲೂ ಅಳತೆಯ ನಿಖರತೆಯ ನಿರೀಕ್ಷೆ ಇದೆ. ಹಾಗಾಗಿ ನನ್ನ ಒಲವು ‘ಕಾಲಪಟ’ದ ಕಡೆಗೆ. ಊರುಗಳ ನೆಲೆಯನ್ನು ಭೂಪಟ ಮನಸ್ಸಿನಲ್ಲಿ ನಿಲ್ಲಿಸುವಂತೆ ಘಟನೆಗಳ ನೆಲೆಯನ್ನೂ ನಿಲ್ಲಿಸಬೇಕೆಂಬುದು, ವಿದ್ಯಾರ್ಥಿನಿಯರ ಕೈಯಲ್ಲೇ ನಕ್ಷೆ ಬರೆಸುತ್ತಿದ್ದ ಈ ಶಿಕ್ಷಕಿಯ ಉದ್ದೇಶವಾಗಿತ್ತು. ಭೂಪಟ–ಕಾಲಪಟ ಜೋಡಿಯಲ್ಲಿ ಆ ಸಾದೃಶ್ಯ ಉಳಿಯುತ್ತದೆ. ಗೋಡೆಗೆ ತೂಗುಹಾಕುವ ವಸ್ತುವಿಗೆ, ಅದರಲ್ಲೂ ಗುಡಿಯ ಚಿತ್ರಕ್ಕೆ, ‘ಪಟ’ ಒಗ್ಗದ ಮಾತೇನೂ ಅಲ್ಲ. ಈ ಪದ ಬೇರೆ ಯಾವುದಾದರೂ ಶಾಸ್ತ್ರದಲ್ಲಿ ಪಾರಿಭಾಷಿಕವಾಗಿ ಈಗಾಗಲೇ ರೂಢಿಯಲ್ಲಿದೆಯೇ?

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ: ಕತೆಗಾರ್ತಿ, ಹಾಡುಗಾರ್ತಿ ಎಂಬಂತೆ ‘ನಕ್ಷೆಗಾರ್ತಿ’ ಎನ್ನುವುದು ವ್ಯಾಕರಣಕ್ಕೆ ಸರಿಯೇ. ಆದರೆ ಕಲ್ಪನೆ, ವಿನ್ಯಾಸ ವಿಲ್ಲಾರ್ಡ್ ಅವರದಾಗಿ, ಅಚ್ಚಿನ ಫಲಕ ಕೊರೆದ ಕೈ ಬೇರೆಯವರದಾಗಿರುವಲ್ಲಿ ಆ ಪದ ಇಬ್ಬರಲ್ಲಿ ಯಾರಿಗೆ ಸಲ್ಲಬೇಕು?