'ಶಬ್ದನಿರೋಧಕ' ಅಂದರೆ ತಡೆಯುವುದೋ, ಹೀರುವುದೋ?

ರಾಕ್ ಬ್ಯಾಂಡಿನ ತಾಲೀಮಿಗೆಂದು ಚಿಕ್ಕ ಕೋಣೆಯೊಂದನ್ನು ಸಜ್ಜು ಮಾಡುವುದು ಹೇಗೆ ಅನ್ನುವುದರ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಗಿಟಾರ್, ಡ್ರಮ್ಸ್, ಆಂಪ್, ಮಿಕ್ಸರ್, ಕೇಬಲ್, ಇವುಗಳ ಹೆಸರಿನಲ್ಲಿ ತಕರಾರಿಲ್ಲ. ಎಲ್ಲರ ಬಾಯಲ್ಲಿ ಇರುವ ಹಾಗೆಯೇ ಬರೆದರಾಯಿತು, ಅವನ್ನು ಕನ್ನಡಿಸುವ ಹಟ ನನಗಿಲ್ಲ. ತೊಡಕಾಗಿರುವುದು ನಾಲ್ಕು ಗೋಡೆಗಳ ವಿಷಯದಲ್ಲಿ, ಅದರಲ್ಲೂ 'ಶಬ್ದನಿರೋಧಕ' ಅನ್ನುವ ಪದದಲ್ಲಿ. ಬಲ್ಲವರು ದಾರಿ ತೋರಿಸಬೇಕು.

ಈ ಒಂದು ಪದ ಈಗ ಎರಡು ಬೇರೆ ಬೇರೆ ಕೆಲಸಗಳಿಗೆ ನಡೆಯುತ್ತಿದೆ. ಒಳಗಿನ ಸದ್ದು ಹೊರಗೆ ಹೋಗದಂತೆ ನೋಡಿಕೊಳ್ಳುವುದು ಒಂದು ಕೆಲಸ. ಒಳಗಿನ ಸದ್ದು ಗೋಡೆಗೆ ಬಡಿದು, ಮರಳಿ ಬಂದು, ಎಲ್ಲ ಕಲಸುಮೇಲೋಗರ ಆಗದಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದು ಪಕ್ಕದ ಮನೆಯವರ ನಿದ್ದೆಯ ಪ್ರಶ್ನೆ, ಎರಡನೆಯದು ಒಳಗೆ ನುಡಿಸುವವರ ಕಿವಿಯ ಪ್ರಶ್ನೆ. ಒಂದಕ್ಕೆ ತಂದ ಸಾಮಾನು ಇನ್ನೊಂದಕ್ಕೆ ಹೆಚ್ಚುಕಡಿಮೆ ದಂಡ. ಆದರೂ ಫೋಮ್ ಹಾಳೆಗೂ ಅದೇ ಹೆಸರು, ಎರಡು ಪದರದ ಗೋಡೆಗೂ ಅದೇ ಹೆಸರು, ದಪ್ಪ ಪರದೆಗೂ ಅದೇ. ಹೆಸರು ನಂಬಿ ಗೋಡೆ ತುಂಬ ಫೋಮ್ ಅಂಟಿಸಿದವರು ಮೊದಲ ದಿನವೇ ಪಕ್ಕದವರಿಂದ ಬೈಸಿಕೊಳ್ಳುತ್ತಾರೆ.

ಫೋಮಿನ ಕಥೆ ಇಷ್ಟೆ. ಅದರ ರಂಧ್ರಗಳಲ್ಲಿ ಗಾಳಿ ಅತ್ತಿತ್ತ ಆಡುತ್ತದೆ. ಆಡುವಾಗಿನ ಉಜ್ಜಾಟದಲ್ಲಿ ಸದ್ದಿನ ಶಕ್ತಿ ಕೊಂಚ ಕೊಂಚವಾಗಿ ಶಾಖವಾಗುತ್ತದೆ. ಹೀರುವ ಗುಣ ಬರುವುದೇ ಗಾಳಿ ಹಾಯುವುದರಿಂದ. ಗಾಳಿ ಹಾಯುವ ಹಗುರ ವಸ್ತು ಸದ್ದನ್ನು ತಡೆದು ನಿಲ್ಲಿಸೀತು ಅಂದುಕೊಳ್ಳುವುದು ಸ್ಪಂಜಿನಲ್ಲಿ ಕೊಡ ಮಾಡಿ ನೀರು ತುಂಬಿಟ್ಟ ಹಾಗೆ. ಮೊಟ್ಟೆಯ ಟ್ರೇ ಅಂಟಿಸುವವರ ಪಾಡಂತೂ ಇನ್ನೂ ಕಡೆ. ಅದು ತೆಳು ರಟ್ಟು, ತಡೆಯುವುದಂತೂ ಇಲ್ಲ, ಹೀರುವುದೂ ಅಷ್ಟಕ್ಕಷ್ಟೆ. ಮೇಲಾಗಿ ಬೆಂಕಿಯ ಭಯ ಬೇರೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಸ್ಟೇಷನ್ ಎಂಬ ಕ್ಲಬ್ಬಿನಲ್ಲಿ ವೇದಿಕೆಯ ಪಟಾಕಿಯ ಕಿಡಿ ಗೋಡೆಯ ಪಾಲಿಯುರೆಥೇನ್ ಫೋಮಿಗೆ ತಗುಲಿ 100 ಜನ ಸತ್ತರು. ಆ ಫೋಮನ್ನು ಅಂಟಿಸಿದ್ದು ಸದ್ದಿನ ಕಾಟ ತಪ್ಪಿಸಲೆಂದೇ.

ತಡೆಯಬೇಕಾದರೆ ಬೇಕಾದದ್ದು ತೂಕ, ಮತ್ತು ಸಂದಿಲ್ಲದ ಮುಚ್ಚಿಗೆ. ಗೋಡೆಯ ತೂಕವನ್ನು ಇಮ್ಮಡಿ ಮಾಡಿದರೆ ಲೆಕ್ಕದ ಪ್ರಕಾರ ಸುಮಾರು 6 ಡೆಸಿಬೆಲ್ (ಸದ್ದಿನ ಜೋರನ್ನು ಅಳೆಯುವ ಮಾನ) ಹೆಚ್ಚು ತಡೆ ಸಿಗುತ್ತದೆ, ಅಷ್ಟೇ. ಅದಕ್ಕೇ ಒಂದೇ ಗೋಡೆಯನ್ನು ದಪ್ಪ ಮಾಡುತ್ತ ಹೋಗುವ ಬದಲು ನಡುವೆ ಗಾಳಿ ಬಿಟ್ಟು ಎರಡು ಗೋಡೆ ಕಟ್ಟುವುದು. ಸಂದಿನ ಲೆಕ್ಕ ಇನ್ನೂ ಖಡಕ್ಕು: ಗೋಡೆಯ ವಿಸ್ತೀರ್ಣದ 100ರಲ್ಲಿ 1 ಪಾಲು ತೆರೆದಿದ್ದರೂ ಸಾಕು, ಉಳಿದ 99 ಪಾಲು ಕೋಟೆಯ ಗೋಡೆಯೇ ಆಗಿರಲಿ, ಒಟ್ಟು ತಡೆ 20 ಡೆಸಿಬೆಲ್ ದಾಟದು. ಒಳಗೆ ಡ್ರಮ್ಸ್ 100 ಡೆಸಿಬೆಲ್ಲಿಗೆ ಬಡಿಯುತ್ತಿದ್ದರೆ ಬಾಗಿಲಡಿಯ ಸಂದು, ವಯರು ತೂರಿಸಲು ಕೊರೆದ ತೂತು, ಇವೇ ಇಡೀ ಗೋಡೆಯ ಖರ್ಚನ್ನು ನುಂಗಿ ಹಾಕುತ್ತವೆ.

ಈಗ ಪದಕ್ಕೆ ಬರೋಣ. 'ನಿರೋಧಕ' ಅಂದಾಕ್ಷಣ 'ಜಲನಿರೋಧಕ' ನೆನಪಾಗುತ್ತದೆ. ಅಲ್ಲಿ ನೀರು ಒಂದು ಹನಿಯೂ ಒಳಗೆ ಬರಬಾರದು. ಸದ್ದಿನ ವಿಷಯದಲ್ಲಿ ಹಾಗೆ ಪೂರ್ತಿ ಇಲ್ಲ ಅನ್ನುವ ಸ್ಥಿತಿ ಇಲ್ಲ, ಎಷ್ಟು ಇಳಿಯಿತು ಅನ್ನುವುದಷ್ಟೇ ಇದೆ. 'ಶಬ್ದ'ದ್ದು ಇನ್ನೊಂದು ರಗಳೆ. ನಮ್ಮಲ್ಲಿ ಶಬ್ದಕೋಶದ ಶಬ್ದವೂ ಅದೇ ತಾನೆ? ಶಬ್ದನಿರೋಧಕ ಕೋಣೆ ಅಂದರೆ ಮಾತಿಗೆ ಪದವೇ ಸಿಗದ ಕೋಣೆ ಅಂದುಕೊಂಡರೂ ತಪ್ಪು ಹಿಡಿಯುವ ಹಾಗಿಲ್ಲ.

ನಾನು ಸದ್ಯಕ್ಕೆ ಇಟ್ಟುಕೊಂಡಿರುವುದು 'ಸದ್ದುತಡೆ' ಮತ್ತು 'ಸದ್ದುಹೀರಿಕೆ'. 'ಈ ಬಾಗಿಲಿನ ಸದ್ದುತಡೆ 35 ಡೆಸಿಬೆಲ್', 'ಈ ಹಲಗೆಯ ಸದ್ದುಹೀರಿಕೆ ಚೆನ್ನಾಗಿದೆ' ಎಂದು ಬರೆದರೆ ಓದುವವರು ಅಂಗಡಿಯಲ್ಲಿ ಯಾವುದನ್ನು ಕೇಳಬೇಕೆಂದು ತಡವರಿಸುವುದಿಲ್ಲ. ಆದರೆ ಎರಡನೆಯದರಲ್ಲಿ ಒಂದು ಕೊರತೆ ಇದೆ. ಕೋಣೆಯ ಒಳಗನ್ನು ಸರಿಪಡಿಸುವುದೆಂದರೆ ಬರೀ ಹೀರುವುದಲ್ಲ. ಕೆಲವು ಕಡೆ ಸದ್ದನ್ನು ಚದುರಿಸಬೇಕು, ಕೆಲವು ಕಡೆ ಇದ್ದ ಹಾಗೇ ಬಿಡಬೇಕು. ಈ ಒಟ್ಟು ಕೆಲಸಕ್ಕೆ 'ಹದ' ಅನ್ನುವ ಪದ ಒಗ್ಗುತ್ತದೆ ಎಂದು ನನ್ನೆಣಿಕೆ. ಮಣ್ಣು ಹದ ಮಾಡುತ್ತೇವೆ, ಚರ್ಮ ಹದ ಮಾಡುತ್ತೇವೆ. ಹೆಚ್ಚೂ ಆಗದ ಕಡಿಮೆಯೂ ಆಗದ ಸ್ಥಿತಿಗೆ ತರುವುದು ಅನ್ನುವ ಅರ್ಥ ಪದದ ಒಳಗೇ ಇದೆ. 'ಕೋಣೆಯನ್ನು ಹದ ಮಾಡುವುದು', 'ದನಿಹದ'. ಇದನ್ನು ಯಾರಾದರೂ ಬೇರೆ ಅರ್ಥದಲ್ಲಿ ಬಳಸಿದ್ದಾರೆಯೇ? 'ಧ್ವನಿವಿನ್ಯಾಸ' ಬೇಡ. ಅದು ನಾಟಕ, ಸಿನಿಮಾದವರ ಪದ, ಅರ್ಥವೂ ಬೇರೆ.

ಎರಡನೆಯ ಪ್ರಶ್ನೆ ಪ್ರತಿಧ್ವನಿ, ಮಾರ್ದನಿ, ಅನುರಣನಗಳದ್ದು. ಪ್ರತಿಧ್ವನಿಗೂ ಮಾರ್ದನಿಗೂ ಪದದ ಒಡಲು ಒಂದೇ: 'ಪ್ರತಿ'ಯ ಜಾಗದಲ್ಲಿ 'ಮಾರ್', 'ಧ್ವನಿ'ಯ ಜಾಗದಲ್ಲಿ ಅದರ ತದ್ಭವ 'ದನಿ'. ಆದರೂ ಕಿವಿಗೆ ಅವು ಒಂದೇ ಅನ್ನಿಸುವುದಿಲ್ಲ. ಬೆಟ್ಟದ ಎದುರು ನಿಂತು ಕೂಗಿದರೆ ಒಂದು ಗಳಿಗೆ ಬಿಟ್ಟು ಬೇರೆಯಾಗಿ ಕೇಳುವುದು ಪ್ರತಿಧ್ವನಿ. ಎದುರಿನ ಅಡ್ಡ ಸುಮಾರು 17 ಮೀಟರಾದರೂ ದೂರ ಇರಬೇಕು ಎಂದು ಶಾಲೆಯಲ್ಲಿ ಕಲಿತ ಲೆಕ್ಕ ಇದಕ್ಕೆ ಸೇರಿದ್ದು. ಕೋಣೆಯಲ್ಲಿ ಅಷ್ಟು ದೂರ ಎಲ್ಲಿಂದ ಬರಬೇಕು? ಅಲ್ಲಿ ಮರಳಿ ಬರುವ ಸಾವಿರಾರು ದನಿಗಳು ಒಂದರ ಮೇಲೊಂದು ಬಿದ್ದು, ಮೂಲದ ಸದ್ದಿಗೆ ಬಾಲದ ಹಾಗೆ ಅಂಟಿಕೊಳ್ಳುತ್ತವೆ. 'ಚಪ್ಪಾಳೆ ಸಭಾಂಗಣದಲ್ಲಿ ಮಾರ್ದನಿಸಿತು' ಅನ್ನುವಾಗ ನಮ್ಮ ಮನಸ್ಸಿನಲ್ಲಿ ಇರುವುದು ಈ ಬಾಲವೇ. ಹಾಗಾಗಿ ಬಿಡಿಯಾಗಿ ಕೇಳುವುದಕ್ಕೆ ಪ್ರತಿಧ್ವನಿ, ಬಾಲಕ್ಕೆ ಮಾರ್ದನಿ ಎಂದು ಹಂಚಿಕೊಂಡರೆ ಹೇಗೆ? 'ಅನುರಣನ' ಕರಾರುವಾಕ್ಕಾದ ಪದ, ಒಪ್ಪುತ್ತೇನೆ. ಗಂಟೆ ಹೊಡೆದ ಮೇಲೆ ಉಳಿಯುವ ನಾದವೆಂದು ಕಾವ್ಯಮೀಮಾಂಸೆ ಓದಿದವರಿಗೆ ಗೊತ್ತು. ಆದರೆ ಡ್ರಮ್ಮರ್ ಬಡಗಿಗೆ 'ಅನುರಣನ ಜಾಸ್ತಿ ಇದೆ, ಒಂದು ಹಲಗೆ ಹೊಡೆಯಿರಿ' ಎಂದು ಹೇಳುವುದನ್ನು ನನಗೆ ಊಹಿಸಿಕೊಳ್ಳಲು ಆಗುತ್ತಿಲ್ಲ.

ಈ ಬಾಲದ ಉದ್ದಕ್ಕೂ ಒಂದು ಪದ ಬೇಕು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್‌ಗೆ ಪಾಠ ಕೇಳಿಸದ ಒಂದು ಉಪನ್ಯಾಸ ಕೋಣೆಯನ್ನು ಸರಿಪಡಿಸುವ ಕೆಲಸ ಒಪ್ಪಿಸಿದರು. ಆತ ಹತ್ತಿರದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಸದ್ದು ಆರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದ. ಅದರಿಂದ ಹುಟ್ಟಿದ ಸೂತ್ರ ಇವತ್ತಿಗೂ ನಡೆಯುತ್ತಿದೆ: ಕೋಣೆಯ ಘನಮೀಟರುಗಳನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ (ಒಂದೊಂದು ಮೇಲ್ಮೈಯ ಚದರ ಮೀಟರುಗಳನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿದ್ದು) ಭಾಗಿಸಿದರೆ ಸದ್ದು 60 ಡೆಸಿಬೆಲ್ ಇಳಿಯಲು ಬೇಕಾದ ಸೆಕೆಂಡುಗಳು ಬರುತ್ತವೆ. 5 ಮೀಟರ್ ಉದ್ದ, 4 ಅಗಲ, 3 ಎತ್ತರದ ಬರೀ ಗಾರೆಯ ಖಾಲಿ ಕೋಣೆಗೆ ಲೆಕ್ಕ ಹಾಕಿದರೆ ಸುಮಾರು 5 ಸೆಕೆಂಡು! ಅಂಥ ಕಡೆ ಒಂದು ಹಾಡಿನ ನಾಲ್ಕಾರು ತಾಳಗಳು ಒಟ್ಟಿಗೆ ಕೇಳುತ್ತಿರುತ್ತವೆ. ಬ್ಯಾಂಡಿಗೆ ಅರ್ಧ ಸೆಕೆಂಡಿಗಿಂತ ಕಡಿಮೆ ಇದ್ದರೆ ಒಳ್ಳೆಯದು. 'ಆರು' ಅನ್ನುವ ಕ್ರಿಯಾಪದ ದೀಪಕ್ಕೂ ಬಿಸಿಗೂ ಗಾಯಕ್ಕೂ ಇದೆ, ಸದ್ದಿಗೂ ಇರಲಿ ಎಂದು 'ಆರುಹೊತ್ತು' ಎಂದು ಬರೆದಿದ್ದೆ. ಓದಿದವರೊಬ್ಬರು 'ಆರು ಹೊತ್ತು ಅಂದರೆ ದಿನಕ್ಕೆ ಆರು ಸಲವೇ?' ಎಂದು ಕೇಳಿದರು. 'ಆರುವ ಕಾಲ' ಎಂದು ತಿದ್ದಿದ್ದೇನೆ. ಇದಕ್ಕಿಂತ ಚೊಕ್ಕದ್ದು ಇದ್ದರೆ ತಿಳಿಸಿ.

ಕೆಳಗಿನ ಸ್ವರಗಳಿಗೆ 'ಮಂದ್ರ' ಇದ್ದೇ ಇದೆ. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸಿನದು, ಅದರ ಅಲೆಯ ಉದ್ದ 8 ಮೀಟರಿಗೂ ಮೇಲೆ. ಬೆರಳು ದಪ್ಪದ ಫೋಮ್ ಅದರ ಲೆಕ್ಕಕ್ಕೇ ಇಲ್ಲ. ಎದುರುಬದುರು ಗೋಡೆಗಳ ನಡುವೆ 4 ಮೀಟರ್ ಇದ್ದರೆ 43 ಹರ್ಟ್ಸಿನ ಅಲೆ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಹಾಗಾಗಿ ಆ ತಂತಿಯ ಮೊದಲ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೊದಲ ಮನೆಯ) ಎಫ್ ಸ್ವರ, ಹೆಚ್ಚುಕಡಿಮೆ ಅದೇ ಅಲೆಯದು, ಬಂದಾಗ ಮಾತ್ರ ಕೋಣೆ ಗುಂ ಎಂದು ತುಂಬಿಕೊಳ್ಳುತ್ತದೆ, ಪಕ್ಕದ ಸ್ವರಕ್ಕೆ ಅಷ್ಟಿಲ್ಲ. ಕೋಣೆಯ ನಟ್ಟನಡುವೆ ನಿಂತವನಿಗೆ ಅದು ಕೇಳುವುದೇ ಇಲ್ಲ, ಗೋಡೆಗೆ ಒರಗಿದವನಿಗೆ ಎದೆ ನಡುಗುತ್ತದೆ. ಭೌತವಿಜ್ಞಾನದವರು ಇದನ್ನು ಸ್ಥಾಯೀ ತರಂಗ ಅನ್ನುತ್ತಾರೆ. ನಾನು 'ನಿಂತ ಅಲೆ' ಎಂದು ಬರೆದುಕೊಂಡಿದ್ದೇನೆ.

ಹಾಗೆ ನೋಡಿದರೆ ದೋಷ ಗುರುತಿಸುವ ಪದಗಳಿಗೆ ಕನ್ನಡದಲ್ಲಿ ಬರವೇ ಇಲ್ಲ, ಅನುಕರಣಾವ್ಯಯಗಳೇ ಸಾಕು. ಅರ್ಥಿಂಗ್ ಸರಿಯಿಲ್ಲದ ಆಂಪು 'ಗೊಂಯ್' ಅನ್ನುತ್ತದೆ. ಗೇನ್ (ಒಳಬರುವ ಸದ್ದನ್ನು ಹಿಗ್ಗಿಸುವ ಪ್ರಮಾಣ) ಅತಿಯಾದ ಮಿಕ್ಸರು 'ಸುಯ್' ಅನ್ನುತ್ತದೆ. ಸವೆದ ಜಾಕು 'ಕರಕರ', ಸಡಿಲ ಸ್ನೇರು (ಡ್ರಮ್ಮಿನ ಅಡಿಯ ತಂತಿಗಳು) 'ಝರ್', ಎರಡು ಬೋಳು ಗೋಡೆಗಳ ನಡುವೆ ಚಪ್ಪಾಳೆ ತಟ್ಟಿದರೆ 'ಟರ್ರ್'. ಇವನ್ನು ಕೈಪಿಡಿಯಲ್ಲಿ ಹೀಗೇ ಹಾಕಿ, ಎದುರಿಗೆ ಕಾರಣ ಬರೆಯುತ್ತಿದ್ದೇನೆ. ಗಂಭೀರ ಬರಹಕ್ಕೆ ಇದು ತಕ್ಕುದಲ್ಲ ಎಂದು ಒಬ್ಬರು ಮೂಗು ಮುರಿದರು. ನನಗೆ ಒಪ್ಪಿಗೆಯಿಲ್ಲ. 'ಅಲ್ಪ ಆವರ್ತನದ ಅನಪೇಕ್ಷಿತ ಧ್ವನಿ' ಎಂದು ಬರೆದರೆ ಗೊಂಯ್‌ಗೂ 'ಗುಂ'ಗೂ ವ್ಯತ್ಯಾಸ ಉಳಿಯುವುದೇ ಇಲ್ಲ. ಮೊದಲನೆಯದಕ್ಕೆ ಎಲೆಕ್ಟ್ರಿಷಿಯನ್ ಬೇಕು, ಎರಡನೆಯದಕ್ಕೆ ಬಡಗಿ.

ಮೈಕಿನ ಕೀಚಲಿಗೂ ಇದೇ ಮಾತು. ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಮತ್ತೆ ಸ್ಪೀಕರಿಗೆ ಬಂದು, ಸುತ್ತು ಸುತ್ತಿಗೂ ಬೆಳೆಯುತ್ತ ಕೀಂಯ್ ಅನ್ನುವುದಕ್ಕೆ 'ಹಿಮ್ಮಾಹಿತಿ' ಎಂದು ಬರೆದದ್ದನ್ನು ಕಂಡಿದ್ದೇನೆ. ತರಬೇತಿ ಮುಗಿದ ಮೇಲೆ ತುಂಬಿಸಿಕೊಳ್ಳುವ ನಮೂನೆಗೆ ಆ ಪದ ಸರಿ, ಇಲ್ಲಿ ಮಾಹಿತಿ ಎಲ್ಲಿದೆ? 'ಮೈಕ್ ಕೂಗುತ್ತಿದೆ' ಅಂದರೆ ಎಲ್ಲರಿಗೂ ತಿಳಿಯುತ್ತದೆ. ಹಾಡುವವರ ಮುಂದೆ ನೆಲದ ಮೇಲಿಡುವ ಮಾನಿಟರ್ (ಅವರ ದನಿ ಅವರಿಗೇ ಕೇಳಿಸುವ ಸ್ಪೀಕರ್) ಹೃದಯಾಕಾರದ ಗ್ರಹಣವುಳ್ಳ, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ, ಮೈಕಿನ ಬೆನ್ನಿಗೆ ನೇರವಾಗಿ ಇರಲಿ, ಆ ಮೈಕಿಗೆ ಬೆನ್ನ ಕಡೆ ಕಿವುಡು.

'ದನಿ ಏರಿಸು' ಅನ್ನುವುದೊಂದು ಸಣ್ಣ ಮುಳ್ಳು: ಜೋರು ಮಾಡು ಎಂದೂ ಆಗುತ್ತದೆ, ಮೇಲಿನ ಸ್ವರಕ್ಕೆ ಹೋಗು ಎಂದೂ ಆಗುತ್ತದೆ. ಕೈಪಿಡಿಯಲ್ಲಿ ಇದು ಅಪಾಯ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಅಳತೆಯಲ್ಲಿ 85 ಡೆಸಿಬೆಲ್ಲಿಗೆ ಕಿವಿ ಒಡ್ಡಬಹುದಾದದ್ದು ದಿನಕ್ಕೆ 8 ಗಂಟೆ, ಮುಂದಿನ ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧ. 100 ಡೆಸಿಬೆಲ್ಲಿಗೆ ಬರೀ 15 ನಿಮಿಷ. ಇಲ್ಲಿ 'ಜೋರು' ಎಂದೇ ಬಳಸುತ್ತೇನೆ.

ಕೋಣೆಯ ಹೆಸರಿಗೆ 'ತಾಲೀಮು ಕೋಣೆ' ಆಯ್ದುಕೊಂಡಿದ್ದೇನೆ. 'ಸಾಧಕ' ಒಬ್ಬರೇ ಕೂತು ಮಾಡುವುದು, 'ಅಭ್ಯಾಸ' ಓದಿಗೂ ಚಟಕ್ಕೂ ಹರಡಿಕೊಂಡಿದೆ. ತಾಲೀಮು ಅರಬ್ಬಿಯಲ್ಲಿ ಕಲಿಸುವುದು ಅನ್ನುವ ಅರ್ಥದ್ದಾದರೂ ನಮ್ಮಲ್ಲಿ ಗರಡಿಗೂ ನಾಟಕಕ್ಕೂ ಪಳಗಿದ ಪದ, ಹಲವರು ಸೇರಿ ಬೆವರು ಸುರಿಸುವುದು ಅದರಲ್ಲಿದೆ.

ಕೊನೆಗೆ ಉಳಿದದ್ದು ನನಗೆ ನಿಜವಾಗಿ ಪದ ಸಿಗದ ಜಾಗ. ಒಳಗಿನ ಗೋಡೆ, ನೆಲ, ಸೂರು ಇವು ಹೊರಗಿನ ಕಟ್ಟಡಕ್ಕೆ ಎಲ್ಲೂ ಗಟ್ಟಿಯಾಗಿ ತಾಗದಂತೆ ರಬ್ಬರಿನ ಮೇಲೆ ಕೂರಿಸುತ್ತಾರೆ. ಹೊರಚೌಕಟ್ಟಿಗೂ ಒಳಚೌಕಟ್ಟಿಗೂ ಸೇರಿಸಿ ಒಂದು ಮೊಳೆ ಹೊಡೆದರೆ ಅದರ ಮೂಲಕವೇ ನಡುಕ ದಾಟಿ, ಮಾಡಿದ್ದೆಲ್ಲ ನೀರುಪಾಲು. 'ಪ್ರತ್ಯೇಕಿಸು' ಅಂದರೆ ದೂರ ಇಡು ಅನ್ನಿಸುತ್ತದೆ. ಇವು ಪಕ್ಕಪಕ್ಕದಲ್ಲೇ ಇರುತ್ತವೆ. 'ಬಿಡಿಸು' ಅಂದರೆ ಮೊದಲು ಕೂಡಿದ್ದವು ಅನ್ನಿಸುತ್ತದೆ. 'ಸೋಂಕದಂತೆ' ಅರ್ಥಕ್ಕೆ ಸರಿ, ಆದರೆ ಸೋಂಕು ಈಗ ರೋಗದ ಪಾಲಾಗಿದೆ. ಯಂತ್ರದ ಅಡಿಪಾಯ ಹಾಕುವ ಗಾರೆಯವರು, ಗಿರಣಿ ಕೂರಿಸುವವರು, ನಡುಕ ನೆಲಕ್ಕೆ ಇಳಿಯದ ಹಾಗೆ ಮಾಡುವುದಕ್ಕೆ ಏನನ್ನುತ್ತಾರೆ? ಆ ಕಸುಬಿನ ಮಾತು ಬಲ್ಲವರು ಒಂದು ಸಾಲು ಬರೆದರೂ ಸಾಕು.