ಕೊರ್ಗ್ ಎಂ1 ಡಿಸ್‌ಪ್ಲೇ ಬೆಳಕು ಹೋಗಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಮಾವ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಕೊರ್ಗ್ ಎಂ1 ಸಿಂಥ್ ಕೀಬೋರ್ಡು ಈಗ ನನ್ನ ಹತ್ತಿರ ಇದೆ. 1988ರಲ್ಲಿ ಬಂದ ಮಾಡೆಲ್. ಕೀಗಳು, ಸೌಂಡು ಎಲ್ಲ ಸರಿಯಿವೆ. ಅದರ ಪಿಯಾನೋ ಸೌಂಡಿಗೆ ಈಗಲೂ ಸಾಟಿಯಿಲ್ಲ ಬಿಡಿ. ತೊಂದರೆ ಡಿಸ್‌ಪ್ಲೇದು. ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ ಎರಡು ಸಾಲು ಅಕ್ಷರ ಕಾಣುತ್ತವೆ. ಅಂದರೆ ಎಲ್‌ಸಿಡಿ ಚೆನ್ನಾಗಿದೆ, ಹಿಂದಿನ ಬೆಳಕು ಮಾತ್ರ ಸತ್ತಿದೆ. ಆ ಬೆಳಕಿಗೆ ಕರೆಂಟು ಕೊಡುವ ಒಳಗಿನ ಪುಟ್ಟ ಇನ್ವರ್ಟರ್ ಇನ್ನೂ ಕುಂಯ್ ಅನ್ನುತ್ತಲೇ ಇದೆ.

ಒಳಗಿರುವುದು ಬಲ್ಬಲ್ಲ, ಇಎಲ್ (ಎಲೆಕ್ಟ್ರೋಲ್ಯುಮಿನೆಸೆಂಟ್) ಹಾಳೆ, ಅಂದರೆ ಕರೆಂಟು ಕೊಟ್ಟರೆ ಇಡೀ ಮೈ ಹೊಳೆಯುವ ತೆಳು ಹಾಳೆ. ಇನ್ವರ್ಟರ್ ಕೊಡುವ ಹೆಚ್ಚು ವೋಲ್ಟೇಜಿನ ಎಸಿಯಿಂದ ಹೊಳೆಯುತ್ತದೆ, ಉರಿದಷ್ಟೂ ಮಂಕಾಗುತ್ತಾ ಹೋಗುತ್ತದೆ. ನಮ್ಮೂರ ರಿಪೇರಿಯವರು "ಎಲ್‌ಇಡಿ ಸ್ಟ್ರಿಪ್ ಅಂಟಿಸಿಬಿಡೋಣ ಸಾರ್" ಅಂದರು. ನನಗೆ ಧೈರ್ಯ ಸಾಲಲಿಲ್ಲ. ಹಳೇ ಹಾಳೆ ಒಂದು ಮಿಲಿಮೀಟರಿಗಿಂತ ತೆಳು. ಆ ಸಂದಿಯಲ್ಲಿ ಸ್ಟ್ರಿಪ್ ಕೂರುವುದು ಅನುಮಾನ, ಕೂತರೂ ಬೆಳಕು ಚುಕ್ಕೆಚುಕ್ಕೆಯಾಗಿ ಬೀಳುತ್ತದೆ.

ಹಾಗಾಗಿ ಕೇಳುತ್ತಿದ್ದೇನೆ. ಅಳತೆಗೆ ಕತ್ತರಿಸಿಕೊಳ್ಳುವ ಇಎಲ್ ಹಾಳೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದಾ, ಇಲ್ಲ ಹೊರದೇಶದಿಂದಲೇ ತರಿಸಬೇಕಾ? ಕತ್ತರಿಸಿದ ಅಂಚಿಗೆ ತೇವ ಹೋಗದಂತೆ ನೀವು ಏನು ಹಚ್ಚುತ್ತೀರಿ? ಬೆಳಕನ್ನು ಸಮವಾಗಿ ಹರಡುವ ಡಿಫ್ಯೂಸರ್ ಇರುವ ತೆಳು ಎಲ್‌ಇಡಿ ಪ್ಯಾನಲ್ ಹಾಕಿದವರಿದ್ದರೆ, ಇನ್ವರ್ಟರ್ ಬಿಚ್ಚಿಹಾಕಿ 5 ವೋಲ್ಟ್ ಎಲ್ಲಿಂದ ತೆಗೆದುಕೊಂಡಿರಿ, ರೆಸಿಸ್ಟರ್ ಎಷ್ಟು ಓಮ್ ಹಾಕಿದಿರಿ ಹೇಳಿ. ಬಣ್ಣ ಹಳೇ ಹಸಿರು-ನೀಲಿಯೇ ಇದ್ದರೆ ಖುಷಿ. ಕಣ್ಣು ಕುಕ್ಕುವ ಬಿಳಿ ಬೇಡ.

ಬಿಚ್ಚುವಾಗ ಮೆಮೊರಿ ಬ್ಯಾಟರಿಯನ್ನೂ ಬದಲಿಸುತ್ತೇನೆ. ಅದನ್ನು ತೆಗೆದರೆ ಮಾವ ಮಾಡಿಟ್ಟ ಸೌಂಡುಗಳು ಅಳಿಸಿಹೋಗುತ್ತವೆ, ಅದಕ್ಕೇ ಮೊದಲು ಮಿಡಿ (ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಸಂಪರ್ಕ) ಮೂಲಕ ಸಿಸೆಕ್ಸ್ ಬ್ಯಾಕಪ್, ಅಂದರೆ ಆ ಸೌಂಡುಗಳ ಡೇಟಾದ ಪ್ರತಿ, ತೆಗೆಯಬೇಕು. ಈ ಕತ್ತಲೆ ಡಿಸ್‌ಪ್ಲೇಯಲ್ಲೇ ಆ ಮೆನು ಹುಡುಕಬೇಕಲ್ಲ, ಯಾವ ಬಟನ್ ಆದ ಮೇಲೆ ಯಾವುದು ಒತ್ತಬೇಕು ಅಂತ ಗೊತ್ತಿದ್ದವರು ತಿಳಿಸಿ.